ಎಲ್ಲಿಂದ ಈ ಟಿಣ್

ಹಳೇ ಸ್ಟೀರಿಯೋ ಗೊರಗೊರ ಅಂತಿತ್ತು, ಕೀಳಿಸಿದೆ.
ಊಟದ ತಟ್ಟೆಯಗಲ ಪರದೆಯ ಹೊಸದೊಂದು
ಡ್ಯಾಶ್‌ಬೋರ್ಡಿನ ನಡುವೆ ಬಂದು ಕೂತಿತು,
ಕೈಗೆ ನೀರು ಕೊಡಲಿ ಎಂದು ಕಾಯುವ ಬೀಗರ ಹಾಗೆ.
ಅವತ್ತಿನಿಂದ ಶುರು:

ಟಿಣ್.

ತಣ್ಣೀರುಹಳ್ಳ ದಾಟುವಾಗ ಒಂದು.
ಡೈರಿ ಸರ್ಕಲ್ಲಿನ ತಿರುವಿನಲ್ಲಿ ಎರಡು.
ಸಾಲಗಾಮೆ ರಸ್ತೆಯ ಗುಂಡಿಗಳ ಮೇಲಂತೂ
ಬಿಟ್ಟೂ ಬಿಡದೆ, ಹೇಳಿದ್ದನ್ನೇ ಹೇಳುವ ನಾದಿನಿ.

ನಾನು ಮನೆಮನೆಗೆ ಹೋಗಿ ರಕ್ತ ತೆಗೆಯುವವಳು.
ಐದೂವರೆಗೆ ಕಾರು ತೆಗೆದರೆ ಒಂಬತ್ತಕ್ಕೆ ಲ್ಯಾಬು.
ಪಕ್ಕದ ಸೀಟಿನಲ್ಲಿ ಐಸಿನ ಡಬ್ಬಿ,
ಅದರೊಳಗೆ ನೇರಳೆ ಮುಚ್ಚಳ, ಕೆಂಪು ಮುಚ್ಚಳ,
ಕಾಫಿ ಕುಡಿಯದೆ ಸಿಟ್ಟಾದವರ ಹೆಸರುಗಳು.
ಅವರೇ ಒಳಗೆ ಸುಮ್ಮನಿರುವಾಗ
ಈ ಕಾರಿಗೇನು ಬಂತು ಮಾತಾಡುವ ರೋಗ?

ಪೆನ್ಷನ್ ಮೊಹಲ್ಲಾದ ಇಳಿಜಾರಿನಲ್ಲಿ ಜಬೀವುಲ್ಲಾನ ಅಂಗಡಿ.
ಕಿವಿಯ ಹಿಂದೆ ಟೆಸ್ಟರು ಸಿಕ್ಕಿಸಿಕೊಂಡು ಬಂದ.
"ಫೋನ್ ಆಫ್ ಮಾಡಿ ಮೇಡಂ." ಮಾಡಿದೆ. ಟಿಣ್.
"ಬಾಗಿಲು ಮತ್ತೆ ಹಾಕಿ." ನಾಲ್ಕನ್ನೂ ಬಡಿದೆ. ಟಿಣ್.
"ಡಬ್ಬೀನ ಮನುಷ್ಯ ಅಂದ್ಕೊಂಡಿದೆ ಸೀಟು."
ಹನ್ನೊಂದು ಜನರ ರಕ್ತಕ್ಕೆ ಬೆಲ್ಟು ಬಿಗಿದು
ಊರು ಒಂದು ಸುತ್ತು ಹಾಕಿ ಬಂದೆವು.
ಮಹಾರಾಜ ಪಾರ್ಕಿನ ಹತ್ತಿರ, ನಗುತ್ತಿದ್ದವನ ಬಾಯಿ ಮುಚ್ಚಿಸುವಂತೆ,
ಟಿಣ್.

ಆಮೇಲೆ ಹಲ್ಲು ಕೀಳುವವನ ತಾಳ್ಮೆಯಿಂದ ಪರದೆ ಬಿಚ್ಚಿದ.
ವೈರುಗಳ ಜಡೆ. ಅದರ ಬುಡದಲ್ಲಿ
ಬೆಂಕಿಪೊಟ್ಟಣದಷ್ಟು ಕರೀ ಪೆಟ್ಟಿಗೆ.
"ಇದು ನಾನೇ ಹಾಕಿದ್ದು. ಇದಿಲ್ಲದೆ ಹೊಸದು ಕೂರಲ್ಲ.
ಈ ಕಂಪನಿಯೋರು, ದೇಶ ಬಿಟ್ಟು ಹೋದರಲ್ಲ,
ಅವರ ಗಾಡೀಲಿ ಎಚ್ಚರಿಕೆಯ ಗಂಟೆಗೆ ಸ್ಟೀರಿಯೋನೇ ಬಾಯಿ.
ನಿಮಗೆ ಮಾರಿದೋರು ಒರಿಜಿನಲ್ ಕಿತ್ತು ಅಗ್ಗದ್ದು ಹಾಕಿದ್ರು.
ಅವತ್ತಿಗೆ ಬಾಯಿ ಕಟ್ತು.
ಹೇಳೋದು ಹೇಳ್ತಾನೇ ಇತ್ತು ಗಾಡಿ, ಐದು ವರ್ಷ.
ಈಗ ಕೇಳಿಸ್ತಿದೆ, ಅಷ್ಟೇ."

ಏನು ಹೇಳ್ತಿತ್ತು?

ಅವನಿಗೂ ಗೊತ್ತಿರಲಿಲ್ಲ. ಮೀಟರಿನ ಕೆಂಪು ದೀಪ
ಯಾವತ್ತೋ ಸುಟ್ಟುಹೋಗಿದೆ, ಸಾಕ್ಷಿ ಇಲ್ಲ.
ಬೆವರು ಒರೆಸುತ್ತ ಬಗ್ಗಿದವನು ಅಲ್ಲೇ ನಿಂತ,
ಹ್ಯಾಂಡ್‌ಬ್ರೇಕಿನ ಕೆಳಗಿಂದ ಎರಡು ಬೆರಳಲ್ಲಿ
ನನ್ನ ರಸೀದಿ ಪುಸ್ತಕ ಎಳೆದ.

ಅದರ ಜಾಗ ಅದು. ಕೈಗೆ ಸಿಗಲಿ ಎಂದು
ದಿನಾ ಅಲ್ಲೇ ತುರುಕುವುದು.
ಅದು ಇರುವಷ್ಟು ದಿನ ಆ ಕೋಲು
ಪೂರ್ತಿ ಕೆಳಗೆ ಮಲಗಿಯೇ ಇಲ್ಲ.
ಒಂದು ಹಲ್ಲಿನಷ್ಟು ಬ್ರೇಕು ಹಿಡಿದುಕೊಂಡೇ
ಗೊರೂರಿಗೆ ಹೋಗಿದ್ದೇನೆ, ದುದ್ದಕ್ಕೆ ಹೋಗಿದ್ದೇನೆ,
ಎಳೆಯೋದಿಲ್ಲ ಈ ಗಾಡಿ ಎಂದು ಬೈದಿದ್ದೇನೆ,
ಮೂರು ಸಲ ಬ್ರೇಕ್ ಶೂ ಬದಲಿಸಿ
ಮೂರು ಸಲವೂ ಮೆಕ್ಯಾನಿಕ್ಕನ್ನು ಕಳ್ಳ ಎಂದಿದ್ದೇನೆ.

ಆ ಬೆಳಿಗ್ಗೆ ತಾನೇ ಉದಯಗಿರಿಯ ಕಲ್ಲೇಗೌಡರು
ಸಕ್ಕರೆ ಮುನ್ನೂರ ಹನ್ನೆರಡರ ಚೀಟಿಯನ್ನು
ಓದದೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ
"ಲಾಡು ತಗೊಳ್ಳವ್ವ" ಅಂದಿದ್ದರು.
ನಾನು ಅವರಿಗೆ ಭಾಷಣ ಮಾಡಿ ಬಂದಿದ್ದೆ.

ಪೆಟ್ಟಿಗೆಯ ಬೆನ್ನಿಗೆ ಸಾಸಿವೆಯಂಥ ಒಂದು ಸ್ಕ್ರೂ.
"ತಿರುಗಿಸಿದರೆ ಸದ್ದು ಇಳಿಯುತ್ತೆ. ಬೇಡವೇ ಬೇಡ ಅಂದರೆ
ವೈರು ಕತ್ತರಿಸ್ತೀನಿ, ಎರಡು ನಿಮಿಷ."
ಕಾಲು ಭಾಗ ಇಳಿಸು ಅಂದೆ, ಸಾಕು.

ದುಡ್ಡು ಕೊಟ್ಟು ರಸೀದಿ ಪುಸ್ತಕ ಬ್ಯಾಗಿಗೆ ಹಾಕಿ
ಕನ್ನಡಿ ಸರಿಮಾಡಿಕೊಳ್ಳುತ್ತಿದ್ದೇನೆ,
ಕೀ ಇನ್ನೂ ತಿರುಗಿಸಿಲ್ಲ,
ಅಂಗಡಿಗಳು ನಿಧಾನ ಹಿಂದಕ್ಕೆ ಸರಿಯತೊಡಗಿದವು:
ಟೈಲರು, ಮಟನ್ ಸ್ಟಾಲು, ನೀರಿನ ಟ್ಯಾಂಕು.
ಇಷ್ಟು ಹಗುರವಾಗಿತ್ತೇ ಇದು?

ಜಬೀವುಲ್ಲಾನ ಹುಡುಗ ಕಲ್ಲು ಹಿಡಿದು ಓಡಿ ಬರುತ್ತಿದ್ದ,
"ಮೇಡಂ! ಹ್ಯಾಂಡ್‌ಬ್ರೇಕ್! ಹ್ಯಾಂಡ್‌ಬ್ರೇಕ್ ಎಳೀರಿ!"